ಹೆಸರಿನ ಕಾಲಂ ಖಾಲಿ

ಕುಣಿಗಲ್‌ನಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ನ್ಯೂಜಿಲೆಂಡಿನ ಆಸ್ಪತ್ರೆಯೊಂದರಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿದೆ. ನಾನು ಒಬ್ಬಳೇ ಮಗಳು, ಅಪ್ಪ ಅಮ್ಮನನ್ನೂ ಜೊತೆಗೇ ಕರೆದೊಯ್ಯಬೇಕು. ಅಮ್ಮನ ಜನನ ಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ನಾವು ಮೂವರೂ ಇಂದು ಮೂರನೇ ಸಲ ಹೋಗಿದ್ದೆವು. ಅಮ್ಮನ ಪಾದಗಳು ಊದಿಕೊಂಡಿವೆ.

ಗುಮಾಸ್ತರು ಅಮ್ಮ ಹುಟ್ಟಿದ ಊರು ಕೊತ್ತಗೆರೆಯ ಹಳೆಯ ಜನನ ರಿಜಿಸ್ಟರ್ ತೆರೆದರು. ತಾತನ ಹೆಸರಿನ ಮುಂದೆ ‘ಹೆಣ್ಣು ಮಗು’ ಎಂದಷ್ಟೇ ಇತ್ತು.

“ಮಗೂಗೆ ಹೆಸರೇ ಬರ್ಸಿಲ್ವಲ್ಲಮ್ಮ. ಈಗ ಸೇರಿಸ್ತೀನಿ, ಏನಂತ ಬರೀಲಿ?”

“ಪುಟ್ಟಗೌರಿ,” ಎಂದಳು ಅಮ್ಮ.

ನಾನು ಬೆಚ್ಚಿದೆ. “ಪಾಸ್‌ಪೋರ್ಟಲ್ಲಿ ಸರೋಜಮ್ಮ ಅಂತ ಇದೆ ಕಣಮ್ಮ.”

“ಅದು ಮದ್ವೇಲಿ ನಮ್ಮತ್ತೆ ಇಟ್ಟಿದ್ದು. ನಮ್ಮಪ್ಪ ಇಟ್ಟಿದ್ದು ಪುಟ್ಟಗೌರಿ ಅಂತ.”

“ಎರಡೂ ತಾಳೆ ಆಗ್ದಿದ್ರೆ ವೀಸಾ ಕೊಡಲ್ಲಮ್ಮ,” ಎಂದರು ಗುಮಾಸ್ತರು.

ಅಮ್ಮ ನನ್ನ ಮುಖ ನೋಡಿದಳು. ನಾನು ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟೆ.

“ಸರೋಜಮ್ಮ ಅಂತ್ಲೇ ಬರ್ಕಳಿ ಬುಡಿ,” ಎಂದಳು ಅಮ್ಮ.

ಪತ್ರ ಸಿಕ್ಕಿತು. ಬಸ್ಸು ಹತ್ತಿದ ಮೇಲೆ ಅಪ್ಪ ಅಮ್ಮನ ಪಕ್ಕ ಕೂತು ಪತ್ರ ಬಿಡಿಸಿ ಓದಿದರು. ಆಮೇಲೆ ಮೆಲ್ಲಗೆ, “ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?” ಎಂದು ಕೇಳಿದರು.

“ನೀವ್ಯಾವತ್ತು ಕೇಳಿದ್ರಿ?” ಎಂದು ಅಮ್ಮ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.