ಹಿಂದಿನ ಸೀಟಿನ ಪರೀಕ್ಷೆ

ರಾಯದುರ್ಗದ ಜೀನ್ಸ್ ಕಟಿಂಗ್ ಮಾಸ್ಟರ್ ತಿಪ್ಪೇರುದ್ರನ ಇಪ್ಪತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿಗೆ ಒಪ್ಪುವ ಸಸ್ಪೆನ್ಷನ್ ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಭಾನುವಾರ ಬಂತೆಂದರೆ ಗ್ಯಾರೇಜಿಗೆ ಹಾಜರು. ಹೊಸ ಸ್ಪ್ರಿಂಗ್ ಹಾಕಿಸಿ, ಬಾನೆಟ್ ಅದುಮಿ ನೋಡಿ, "ಇದೂ ಬಿರುಸು ಐತ್ರಿ" ಎಂದು ಮುಖ ಕಿವುಚುತ್ತಾನೆ. ಇಂಥ ಕಾರಿನವರೆಲ್ಲ ಸ್ಟೇರಿಂಗ್ ಹಿಡಿದು ಪರೀಕ್ಷಿಸಿದರೆ, ಇವನು ಮೆಕ್ಯಾನಿಕ್ ಹರೀಶನ ಕೈಗೆ ಕೀಲಿ ಕೊಟ್ಟು ಹಿಂದಿನ ಸೀಟಿನಲ್ಲಿ ಅಂಗಾತ ಮಲಗುತ್ತಾನೆ. "ಬಳ್ಳಾರಿ ರೋಡಿಗೇ ನಡೀರಿ. ಹಂಪ್ ಬಂದ್ರ ನಿಧಾನ ಮಾಡಬ್ಯಾಡ್ರಿ." ನೋಡಿದವರು ನಗುತ್ತಾರೆ. ಹಿಂದೊಮ್ಮೆ, ಕಾರು ನೆಲ ಕಚ್ಚಿ ಓಡಲೆಂದು ಗಟ್ಟಿ ಸ್ಪ್ರಿಂಗ್ ಹಾಕಿಸಿದ ವಾರದಲ್ಲೇ, ಮಾಳಿಗೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಹೆಂಡತಿ ಸೌಭಾಗ್ಯಳನ್ನು ಅವನು ಅದೇ ಸೀಟಿನಲ್ಲಿ ಮಲಗಿಸಿ ಬಳ್ಳಾರಿ ಆಸ್ಪತ್ರೆಗೆ ಹೊರಟಿದ್ದ. ಅರ್ಧ ದಾರಿಯವರೆಗೆ ಪ್ರತಿ ಹಂಪ್‌ಗೂ ಅವಳು ಚೀರಿದಳು. ಆಮೇಲೆ ಸುಮ್ಮನಾದಳು, ನೋವು ಇಳಿಯಿತೆಂದುಕೊಂಡು ಅವನು ಇನ್ನೂ ಜೋರಾಗಿ ಓಡಿಸಿದ್ದ.