ಹುಲಗೇಶನ ಹೆಸರಿನ ಒಂಬತ್ತು ಸಾಲು

ತಿಳವಳ್ಳಿಯಲ್ಲಿ ಬೆಳಗಿನ ಐದೂವರೆ. ಗೋವಿನಜೋಳದ ಚೀಲಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಕೀಲು ಮುರಿದ ಲ್ಯಾಪ್‌ಟಾಪಿನ ಪರದೆಯನ್ನು ಅಕ್ಕಿ ಡಬ್ಬಿಗೆ ಆನಿಸಿ ರಾಜಶ್ರೀ ಕುಳಿತಿದ್ದಾರೆ. ಮಗ್ಗುಲಿನ ಹಳೆಯ ಕಂಪ್ಯೂಟರು ನಿನ್ನೆ ಸಂಜೆಯಿಂದ ಒಂದೇ ಕೆಲಸ ಮಾಡುತ್ತಿದೆ. ಎರಡು ಪ್ರೋಗ್ರಾಮುಗಳು ಒಟ್ಟಿಗೆ ಒಂದೇ ಪೋರ್ಟನ್ನು, ಅಂದರೆ ಹೊರಗಿನ ಯಂತ್ರದ ತಂತಿ ಬಂದು ಕೂಡುವ ಬಾಗಿಲನ್ನು, ತೆರೆಯುತ್ತವೆ, ಮುಚ್ಚುತ್ತವೆ. ಎರಡು ಲಕ್ಷ ಸಲ. ಕೊನೆಗೆ ಎಣಿಕೆ ಸೊನ್ನೆಗೆ ಬಂದು ನಿಲ್ಲುತ್ತದೆ. "ಸರಿ ಐತ್ರಿ," ಎಂದು ರಾಜಶ್ರೀ ವಹಿಯಲ್ಲಿ ಒಂದು ಗೆರೆ ಎಳೆಯುತ್ತಾರೆ.

ಏಳೂ ನಲವತ್ತರ ಬಸ್ಸಿಗೆ ಅವರು ಹಾನಗಲ್ಲಿಗೆ ಹೊರಡಬೇಕು. ಅಲ್ಲಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಅವರು ಸಹಾಯಕಿ. ಅದಕ್ಕೆ ಮೊದಲಿನ ಎರಡು ತಾಸು ಮಾತ್ರ ಈ ಕೆಲಸಕ್ಕೆ. ಇದಕ್ಕೆ ಸಂಬಳವಿಲ್ಲ. ಊರಲ್ಲಿ ಇದು ಏನೆಂದು ಗೊತ್ತಿರುವವರೂ ಇಲ್ಲ.

ಕಂಪ್ಯೂಟರಿನ ಎಲ್ಲ ಕೆಲಸದ ಬುಡದಲ್ಲಿ ಕರ್ನೆಲ್ ಎಂಬ ಪ್ರೋಗ್ರಾಮು ಇರುತ್ತದೆ. ಮೆಮೊರಿಯ ಒಂದೊಂದು ತುಣುಕನ್ನೂ ಎಷ್ಟು ಮಂದಿ ಬಳಸುತ್ತಿದ್ದಾರೆಂದು ಅದು ಎಣಿಸಿಡುತ್ತದೆ. ಇದೇ ರೆಫರೆನ್ಸ್ ಕೌಂಟ್. ಹೊಸಬರು ಬಂದರೆ ಒಂದು ಕೂಡು, ಎದ್ದು ಹೋದರೆ ಒಂದು ಕಳೆ, ಸೊನ್ನೆಯಾದರೆ ಆ ಜಾಗ ತೆರವು. ಎಣಿಕೆ ತಪ್ಪಿದರೆ ಏನಾಗುತ್ತದೆಂದು ಕೇಳಿದೆ.

"ಮದುವಿ ಊಟದಾಗ ಎಷ್ಟು ಮಂದಿ ಕುಂತಾರ ಅಂತ ಇಬ್ಬರು ಒಂದ ಹಲಗಿ ಮ್ಯಾಲ ಬರ್ಯಾಕತ್ತಾರ ಅಂತ ತಿಳ್ಕೋರಿ. ಹಲಗಿ ಮ್ಯಾಲ ಐದು ಐತಿ. ಇಬ್ಬರೂ ಒಮ್ಮೆಲೆ ಐದು ನೋಡ್ತಾರ, ಇಬ್ಬರೂ ಆರು ಅಂತ ಬರೀತಾರ. ಖರೆ ನೋಡಿದ್ರ ಏಳು ಮಂದಿ ಅದಾರ. ಆರು ಮಂದಿ ಎದ್ದ ಕೂಡ್ಲೆ ಜಮಖಾನಿ ಸುತ್ತತಾರ. ಏಳನೇದಾಂವ ಇನ್ನೂ ಉಣ್ಣಾಕತ್ತಿರತಾನ." ನೋಡುವುದು, ಕೂಡುವುದು, ಬರೆಯುವುದು ಮೂರೂ ನಡುವೆ ಯಾರೂ ನುಸುಳದಂತೆ ಒಂದೇ ಏಟಿಗೆ ಆಗಬೇಕು. ಬಲ್ಲವರು ಅದಕ್ಕೆ ಅಟಾಮಿಕ್ ಇನ್‌ಕ್ರಿಮೆಂಟ್ ಎನ್ನುತ್ತಾರೆ.

ಇದು ಅವರಿಗೆ ಬಂದದ್ದು ಅಣ್ಣ ಹುಲಗೇಶನಿಂದ. ಅಕ್ಕಿಆಲೂರಿನಲ್ಲಿ ಅವನದೊಂದು ರಿಪೇರಿ ಅಂಗಡಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಭರಮವ್ವ ಕೂಲಿಗೆ ಹೋಗಿ ಇಬ್ಬರನ್ನೂ ಓದಿಸಿದ್ದರು. ಆರು ವರ್ಷದ ಹಿಂದೆ ಹುಲಗೇಶ ಪರಮೇಶಪ್ಪನವರ ಅಕ್ಕಿ ಮಿಲ್ಲಿನ ತೂಕದ ಯಂತ್ರಕ್ಕೆ ಒಂದು ಸಣ್ಣ ಕಂಪ್ಯೂಟರು ಕೂಡಿಸಿಕೊಟ್ಟ. ಹತ್ತು ಹನ್ನೆರಡು ದಿನ ಚೆನ್ನಾಗಿ ನಡೆದು ಅದು ಒಮ್ಮೆಲೇ ನಿಂತುಬಿಡುತ್ತಿತ್ತು. ಸುಗ್ಗಿಯಲ್ಲಿ, ಭತ್ತದ ಗಾಡಿಗಳು ಸಾಲುಗಟ್ಟಿ ನಿಂತಾಗಲೇ ನಿಂತಿತು. ಪರಮೇಶಪ್ಪ ಸಂತೆಯ ದಿನ ನಾಲ್ಕು ಮಂದಿಯ ಎದುರು ಅವನ ಕೆಲಸ ಖೊಟ್ಟಿ ಎಂದರು. ಮಾತು ಊರೂರು ತಿರುಗಿತು. ರಟ್ಟೀಹಳ್ಳಿಯವರೆಗೂ ಇದ್ದ ಗಿರಾಕಿಗಳು ಬರುವುದು ಬಿಟ್ಟರು.

ಹುಲಗೇಶ ಬೆಸುಗೆಯನ್ನು ಮೂರು ಸಲ ಬಿಚ್ಚಿ ಹಾಕಿದ. ಆಮೇಲೆ ಕರ್ನೆಲ್ ಓದತೊಡಗಿದ. ಯಾರು ಬೇಕಾದರೂ ಓದಿ ತಿದ್ದುಪಡಿ ಕಳಿಸಬಹುದಾದ ಕರ್ನೆಲ್ ಅದು. ಐದು ತಿಂಗಳಿಗೆ ತಪ್ಪು ಸಿಕ್ಕಿತು. ಪೋರ್ಟಿನ ಎಣಿಕೆಯನ್ನು ಯಾರೋ ಬರಿಯ ಕೂಡು-ಕಳೆಯಲ್ಲಿ ಬರೆದಿದ್ದರು. ತೂಕ ತೋರಿಸುವ ಪ್ರೋಗ್ರಾಮು, ಚೀಟಿ ಮುದ್ರಿಸುವ ಪ್ರೋಗ್ರಾಮು ಎರಡೂ ಒಂದೇ ಕ್ಷಣಕ್ಕೆ ಬಂದರೆ ಒಂದು ಎಣಿಕೆ ಕಳೆದುಹೋಗಿ, ಬಳಕೆಯಲ್ಲಿದ್ದ ಜಾಗವೇ ತೆರವಾಗಿ ಕಂಪ್ಯೂಟರು ನಿಲ್ಲುತ್ತಿತ್ತು. ಅವನು ತಿದ್ದಿ, ಕರ್ನೆಲ್ ನೋಡಿಕೊಳ್ಳುವವರಿಗೆ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಪತ್ರ ಬರೆದ. ದಿನಕ್ಕೆ ನೂರಾರು ಪತ್ರ ಬೀಳುವ ಜಾಗ. ಉತ್ತರ ಬರಲಿಲ್ಲ. ಮತ್ತೆರಡು ಸಲ ಬರೆದ.

ಆ ಮಳೆಗಾಲ ಅವನಿಗೆ ಕಾಮಾಲೆಯಾಯಿತು. ನಾಟಿ ಔಷಧಿಯಲ್ಲಿ ಮೂರು ವಾರ ಹೋದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ. "ಕಣ್ಣ ತೆರ್ಯಾಕ ಆಗ್ತಿರಲಿಲ್ರಿ. ಮೇಲ್ ಬಂತೇನು ನೋಡು ತಂಗಿ ಅಂತಿದ್ದ. ಇಲ್ಲಂತ ಹ್ಯಾಂಗ ಹೇಳ್ಲಿ? ನಾಳೆ ಬರ್ತೈತಿ ಬಿಡಣ್ಣ ಅಂತಿದ್ದೆ," ಎನ್ನುತ್ತಾ ರಾಜಶ್ರೀ ಪರದೆಯ ಕಡೆಗೇ ನೋಡುತ್ತಾರೆ. ತೀರಿಕೊಂಡಾಗ ಹುಲಗೇಶನಿಗೆ ಮೂವತ್ತಾರು.

ದಿನಕರ್ಮಕ್ಕೆ ಬಂದವರೊಬ್ಬರು, "ಹುಡುಗ ಛಲೋ, ಕೈಕೆಲಸ ಅಷ್ಟ ಸರಿ ಇರಲಿಲ್ಲ," ಅಂದರಂತೆ. ಬಿ.ಎ. ಓದಿದ ರಾಜಶ್ರೀ ಮರುದಿನ ಅಣ್ಣನ ಟ್ರಂಕು ತೆರೆದರು. ಅದರಲ್ಲಿ ಏಳು ವಹಿಗಳಿದ್ದವು. ಅವುಗಳಿಂದ ಕಲಿಯಲು ಎರಡು ವರ್ಷ ಹಿಡಿಯಿತು. ಆಗ ಅವರಿಗೆ ಅಣ್ಣನ ತಿದ್ದುಪಡಿಯಲ್ಲೂ ಒಂದು ಕೊರತೆ ಕಂಡಿತು. ಕೂಡುವುದನ್ನು ಸರಿಮಾಡಿದ್ದ, ಕಳೆಯುವ ಕಡೆ ಒಂದು ಸಾಲು ಬಿಟ್ಟಿದ್ದ. "ಅದು ಕಂಡಾಗ ಭಾಳ ಅತ್ತೇನ್ರಿ. ಇದ್ದಿದ್ರ ತೋರಿಸಿದ ಕೂಡ್ಲೆ ನಕ್ಕೋತ ತಿದ್ದತಿದ್ದ."

ಬರೆದವನ ಜಾಗದಲ್ಲಿ ಅಣ್ಣನ ಹೆಸರೇ ಇಟ್ಟು, ಕೆಳಗೆ ತನ್ನದನ್ನು ಸೇರಿಸಿ ಕಳಿಸಿದರು. ನಾಲ್ಕು ಸಲ ವಾಪಸು ಬಂತು. ಹೋದ ವರ್ಷದ ಯುಗಾದಿಯ ಹಿಂದಿನ ದಿನ ಒಪ್ಪಿಗೆಯಾಯಿತು. ಒಟ್ಟು ಒಂಬತ್ತು ಸಾಲು.

ಅಕ್ಷರ ಬಾರದ ಭರಮವ್ವ ಪರದೆಯ ಮೇಲೆ ಬೆರಳಿಟ್ಟು, "ಎಲ್ಲಿ ಐತಿ ನನ್ನ ಮಗನ ಹೆಸರು?" ಎಂದು ಕೇಳಿದರು. ಮಗಳು ತೋರಿಸಿದರು. ಆಕೆ ಆ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

ರಾಜಶ್ರೀ ಅದನ್ನು ಮುದ್ರಿಸಿಕೊಂಡು ಮಿಲ್ಲಿಗೂ ಹೋದರು. ಪರಮೇಶಪ್ಪ ತಮ್ಮ ತಪ್ಪನ್ನು ನನ್ನೆದುರೂ ಮುಚ್ಚಿಡುವುದಿಲ್ಲ. "ನಾಲ್ಕು ಮಂದಿ ಮುಂದ ಬೈದಿದ್ನಿ. ತಪ್ಪಾತು ಅಂತನೂ ನಾಲ್ಕು ಮಂದಿ ಮುಂದ ಹೇಳೇನಿ. ಆದ್ರ ಕೇಳಬೇಕಾದಾಂವ ಇಲ್ಲಲ್ರಿ," ಎನ್ನುತ್ತಾರೆ.

ಅಣ್ಣನ ಕೆಲಸ ಮುಗಿದರೂ ರಾಜಶ್ರೀ ಬಿಟ್ಟಿಲ್ಲ. ದಿನಕ್ಕೆ ಸುಮಾರು ಮುನ್ನೂರು ಸಾಲು ಓದುತ್ತಾರೆ. ಇಂಥವೇ ಎಣಿಕೆ ತಪ್ಪುಗಳನ್ನು ಹುಡುಕಿ ಈವರೆಗೆ ಮೂವತ್ತೆಂಟು ತಿದ್ದುಪಡಿ ಕಳಿಸಿದ್ದಾರೆ. ಅವುಗಳಲ್ಲಿ ಹದಿನಾಲ್ಕು ಕರ್ನೆಲ್ಲಿಗೆ ಸೇರಿವೆ. ಈಗ ಹೊಸಬರು ಕಳಿಸಿದ್ದನ್ನೂ ಪರೀಕ್ಷೆ ಮಾಡುತ್ತಾರೆ. ಮುಂದೇನು ಆಸೆ ಎಂದರೆ ಬಸ್ಸಿನ ಹೊತ್ತು ನೋಡಿಕೊಂಡು ಚೀಲ ಹೆಗಲಿಗೇರಿಸುತ್ತಾರೆ.

"ದೊಡ್ಡದೇನಿಲ್ರಿ. ಯಾರರ ಹೊಸಬರು ಬರದ್ರ ಅವತ್ತ ಉತ್ತರ ಕೊಡ್ತೇನಿ. ತಪ್ಪಿದ್ರ ತಪ್ಪೈತಿ ಅಂತನರ ಬರೀತೇನಿ. ಎಲ್ಲಿ ಕುಂತು ದಾರಿ ನೋಡಾಕತ್ತಾರೋ, ಯಾರಿಗೆ ಗೊತ್ತು."