ಫ್ಯಾನಿನ ಹುಕ್ಕಿಗೆ ಪಂಜರ

ಸೊರಬದ ನಮ್ಮ ಅಂಗಡಿಯಿಂದ ಆನವಟ್ಟಿಯ ಒಂದು ಮನೆಗೆ ಹೊಸ ಫ್ಯಾನ್ ಹಾಕಲು ಹೋದರೆ, ಹುಕ್ಕಿನಲ್ಲಿ ಲವ್‌ಬರ್ಡ್ಸ್ ಪಂಜರ ತೂಗುತ್ತಿತ್ತು.

"ಕೆಳಗಿಟ್ರೆ ನಾಯಿ ಬಿಡಲ್ಲ ರೀ" ಅಂದರು ಮನೆಯಾಕೆ.

"ನಾಯೀನ ಕಟ್ರಲ್ಲ, ಅಮ್ಮಾ."

"ಕಟ್ಟಿದ್ರೆ ಬೊಗಳ್ತದೆ. ಬೊಗಳಿದ್ರೆ ಹಕ್ಕಿ ಹೆದರ್ತಾವೆ."

"ಹಂಗಾದ್ರೆ ಪಂಜರ ಒಳಗಿನ ರೂಮಲ್ಲಿಡ್ರಿ."

"ಅಲ್ಲಿ ಸೆಕೆ. ಪಾಪ, ಅವಕ್ಕೆ ಅಂತಾನೇ ಇಲ್ಲಿ ಫ್ಯಾನ್ ಹಾಕಿಸ್ತಿರೋದು!"

ಸ್ಟೂಲಿನ ಮೇಲೆ ಫ್ಯಾನ್ ಎತ್ತಿ ಹಿಡಿದು ನಿಂತಿದ್ದ ನನಗೆ ತಲೆ ಕೆಟ್ಟುಹೋಯಿತು. "ತೀರ್ಮಾನ ಮಾಡಿ ಫೋನ್ ಮಾಡ್ರಿ" ಅಂತ ಇಳಿದೆ. ಫ್ಯಾನ್ ವಾಪಸ್ ತುಂಬೋಣವೆಂದರೆ, ಆ ಪುಟ್ಟ ನಾಯಿ ಖಾಲಿ ಬಾಕ್ಸಿನೊಳಗೆ ಮುದುಡಿಕೊಂಡು ನಿದ್ದೆ ಹೊಡೆಯುತ್ತಿತ್ತು. ಬಗ್ಗಿದೆ.

"ಅಯ್ಯೋ, ಎಬ್ಬಿಸ್ಬೇಡ್ರಿ!" ಆಕೆ ಪಿಸುಗುಟ್ಟಿದರು. "ಎದ್ರೆ ಬೊಗಳ್ತದೆ."

ಬಾಕ್ಸಿಲ್ಲದ ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಬೇರೆ ಹರಿದ.